ಶಾಲಿಗೊಂದು ಹೆಗಲು ಹುಡುಕುತ್ತ

ಬೈಲಹೊಂಗಲದ ಗಾದಿ

ಬೈಲಹೊಂಗಲ ಸೀಮೆಯಲ್ಲಿ ಯಾರು ದೊಡ್ಡವರು ಎಂದು ತಿಳಿಯಲು ಪೇಪರು ಓದಬೇಕಾಗಿಲ್ಲ, ನನ್ನ ಅಂಗಡಿಯ ಗಾದಿಯ ಮೇಲೆ ಒಂದು ವಾರ ಕುಳಿತರೆ ಸಾಕು. ನನ್ನದು ಬಟ್ಟೆ ಅಂಗಡಿ. ಸೀರೆ, ಧೋತರ ಎಲ್ಲ ಇದ್ದರೂ ವರ್ಷವಿಡೀ ಓಡುವ ಮಾಲು ಸನ್ಮಾನದ ಶಾಲು. ಯಾರ ಹೆಗಲಿಗೆ ಜರಿಯಂಚಿನದು, ಯಾರಿಗೆ ಸಾದಾ ಎನ್ನುವುದನ್ನು ಕೊಳ್ಳಲು ಬಂದವರು ನನ್ನೆದುರೇ ಪಿಸುಗುಟ್ಟಿ ತೀರ್ಮಾನಿಸುತ್ತಾರೆ. ಕಿತ್ತೂರಿನಲ್ಲಿ ಒಬ್ಬರ ಹೆಗಲೇರಿದ ಶಾಲು ಸವದತ್ತಿಯಲ್ಲಿ ಇನ್ನೊಬ್ಬರಿಗೆ ಹೊದಿಕೆಯಾಗಿ, ರಾಮದುರ್ಗ ಸುತ್ತಿಕೊಂಡು, ಮಡಿಕೆ ಮುರಿಯದೆ ನನ್ನಂಗಡಿಗೇ ವಾಪಸು ಬಂದದ್ದೂ ಉಂಟು. ನಾನು ಅದನ್ನು ಗುರುತು ಹಿಡಿಯುತ್ತೇನೆ, ಆದರೆ ಮಾತನಾಡುವುದಿಲ್ಲ. ವ್ಯಾಪಾರದ ಮರ್ಯಾದೆ ಅಂತ ಒಂದಿರುತ್ತದಲ್ಲ.

ಇಂಥ ನನ್ನ ಕೈಗೆ ನಮ್ಮ ಅಕ್ಕ ಒಂದು ಶಾಲು ಕೊಟ್ಟು ಜರ್ಮನಿಗೆ ಕಳಿಸಿದಳು. ಕೊಟ್ಟಳು ಎಂದರೆ, ಶಾಲು ನನ್ನಂಗಡಿಯದೇ. ಆರಿಸಿದ್ದು ಮಾತ್ರ ಆಕೆ.

ಅಕ್ಕ ಗೌರಕ್ಕ ದೊಡವಾಡದಲ್ಲಿದ್ದಾಳೆ. ಆಕೆಯ ಒಬ್ಬಳೇ ಮಗಳು ಶೈಲಾ ಜರ್ಮನಿಯ ಉತ್ತರಕ್ಕಿರುವ ಒಂದು ಸಣ್ಣ ಊರಿನ ಆಸ್ಪತ್ರೆಯಲ್ಲಿ ನರ್ಸು. ಅಲ್ಲಿ ಆಂಬ್ಯುಲೆನ್ಸ್ ಓಡಿಸುವ ಹೆಂಡ್ರಿಕ್ ಎಂಬ ಹುಡುಗನನ್ನು ಮೆಚ್ಚಿದ್ದಳು. ಹುಡುಗನ ಮನೆಯವರು ಲೂಥರನ್ ಕ್ರೈಸ್ತರು. ಮದುವೆ ತಮ್ಮ ಊರ ಚರ್ಚಿನಲ್ಲಿ ಆಗಲಿ ಎಂಬುದು ಅವರ ಆಸೆ. ಅಕ್ಕ ಹುಡುಗನ ಬಣ್ಣಕ್ಕಾಗಲಿ ಭಾಷೆಗಾಗಲಿ ತಕರಾರು ತೆಗೆಯಲಿಲ್ಲ. ಆಕೆಯ ಭಯ ಒಂದೇ: ಚರ್ಚಿನೊಳಗೆ ಕಾಲಿಡುವಾಗ ಮಗಳ ಕೊರಳಲ್ಲಿನ ಇಷ್ಟಲಿಂಗವನ್ನು ತೆಗೆಸುತ್ತಾರೆ. ಈ ಮಾತು ಎದ್ದ ದಿನದಿಂದ ತಾಯಿ ಮಗಳ ನಡುವೆ ಫೋನು ನಿಂತುಹೋಗಿತ್ತು.

ಮೊಣಕಾಲು ನೋವಿನ ಅಕ್ಕ ವಿಮಾನ ಹತ್ತುವಂತಿರಲಿಲ್ಲ. ನನ್ನನ್ನು ಕರೆಸಿ ಎದುರಿಗೆ ಕೂರಿಸಿಕೊಂಡಳು.

"ತಮ್ಮಾ, ಅವರ ಪೈಕಿ ದೊಡ್ಡವರು ಯಾರದಾರ, ಯಾರ ಮಾತು ನಡೀತೈತಿ, ಅವರನ್ನ ಹುಡುಕು. ನಮ್ಮ ಹುಡುಗಿ ಕೊಳ್ಳಾಗಿನ ಲಿಂಗ ತಗಸಂಗಿಲ್ಲ ಅಂತ ಅವರ ಬಾಯಿಲೆ ಮಾತು ತಗೋ. ಈ ಶಾಲು ಹೊದಿಸಿ ಫೋಟೋ ತಗದು ಕಳಸು. ಆ ಫೋಟೋ ನೋಡೂತನಾ ನಾ ಆಕಿ ಕೂಡ ಮಾತಾಡಂಗಿಲ್ಲ."

"ಅವರು ಮಾತು ಕೊಡಲಿಲ್ಲಂದ್ರ?" ಎಂದೆ.

"ಕೊಡದ ಇದ್ರ ಶಾಲು ತಿರಗಿ ತಗೊಂಡು ಬಾ. ನಿನ್ನ ಅಂಗಡ್ಯಾಗ ಹೆಂಗೂ ತಿರಗಿ ಬಂದ ಶಾಲು ಬೇಕಾದಷ್ಟು ಅದಾವು."

ಆಕೆಗೆ ಇದೂ ಗೊತ್ತಿತ್ತು.

ಚರ್ಚಿನ ಮೆಟ್ಟಿಲು

ಶೈಲಾ ನನ್ನ ಮಡಿಲಲ್ಲೇ ಆಡಿ ಬೆಳೆದವಳು, ನನ್ನನ್ನು ಏಕವಚನದಲ್ಲೇ ಕರೆಯುತ್ತಾಳೆ. ನನಗೆ ಜರ್ಮನ್ ಬರುವುದಿಲ್ಲ, ಇಂಗ್ಲಿಷು ಅಂಗಡಿಗೆ ಸಾಲುವಷ್ಟು. ಹಾಗಾಗಿ ಅಲ್ಲಿ ನಡೆದ ಮಾತೆಲ್ಲ ಆಕೆಯ ಬಾಯಿಂದಲೇ ನನಗೆ ತಲುಪಬೇಕಿತ್ತು. ಇದರಿಂದ ಆ ದೇಶದ ಜನ ನನ್ನ ಕಿವಿಗೆ ಅಚ್ಚ ದೊಡವಾಡದ ಕನ್ನಡದಲ್ಲಿ ಮಾತನಾಡಿದರು. ಅವರು ನನ್ನನ್ನು ಏನೆಂದು ಕರೆದರೋ ಕಾಣೆ, ಆಕೆಯ ಅನುವಾದದಲ್ಲಿ ಎಲ್ಲರೂ ನನಗೆ ತಪ್ಪದೆ "ರೀ" ಹಚ್ಚಿದರು.

ಬಂದ ಮರುದಿನವೇ ಚರ್ಚು ನೋಡಲು ಹೋದೆವು. ಕೆಂಪು ಇಟ್ಟಿಗೆಯ ಹಳೆಯ ಕಟ್ಟಡ, ಸುತ್ತ ಹುಲ್ಲು, ಬಾಗಿಲಿಗೆ ಕೀಲಿ ಹಾಕದೆ ಬರೀ ಮುಂದೆ ಮಾಡಿಟ್ಟಿದ್ದರು. ನಾನು ವಾಡಿಕೆಯಂತೆ ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟು ಒಳಗೆ ಹೋದೆ. ಒಳಗೆ ಮೂರ್ತಿಗಳ ಸಂತೆ ಇರಲಿಲ್ಲ. ಒಂದು ಶಿಲುಬೆ, ಎರಡು ಮೇಣದ ಬತ್ತಿ, ನಡುವೆ ಬಿಚ್ಚಿಟ್ಟ ಒಂದು ದಪ್ಪ ಪುಸ್ತಕ. ಪೀಠವಿರುತ್ತದೆ, ಪೀಠದ ಮೇಲೆ ಯಾರಾದರೂ ಕುಳಿತಿರುತ್ತಾರೆ ಎಂದು ಹುಡುಕಿದೆ. ಎತ್ತರದ ಜಾಗವನ್ನೆಲ್ಲ ಆ ಪುಸ್ತಕವೇ ಹಿಡಿದುಕೊಂಡಿತ್ತು.

ಹೊರಗೆ ಬಂದರೆ ಚಪ್ಪಲಿ ಇಲ್ಲ.

ಚಪ್ಪಲಿ ಕಳುವಾಗುವುದು ನಮಗೇನು ಹೊಸತಲ್ಲ. ಸವದತ್ತಿಯ ಗುಡ್ಡದಲ್ಲಿ ಒಮ್ಮೆ ಕಳೆದುಕೊಂಡು ಬರಿಗಾಲಲ್ಲಿ ಬಸ್ಸು ಹತ್ತಿದ್ದೇನೆ. ಜರ್ಮನಿಯಲ್ಲೂ ಅದೇ ಪದ್ಧತಿ ಇದೆಯಲ್ಲ ಎಂದು ಒಳಗೊಳಗೆ ಸ್ವಲ್ಪ ಖುಷಿಯೇ ಆಯಿತು. ಆದರೆ ಕಳ್ಳರು ಒಯ್ದಿರಲಿಲ್ಲ. ಪಕ್ಕದ ಸಭಾಮಂದಿರದಲ್ಲಿ ಬಡಬಗ್ಗರ ಸಹಾಯಕ್ಕಾಗಿ ಹಳೆಯ ಸಾಮಾನಿನ ಮಾರಾಟ ನಡೆಯುವುದಿತ್ತು. ಊರವರು ಬೇಡದ ವಸ್ತುಗಳನ್ನು ತಂದು ಮೆಟ್ಟಿಲ ಮೇಲಿಟ್ಟು ಹೋಗುತ್ತಾರಂತೆ. ಯಾರೋ ಪುಣ್ಯಾತ್ಮರು ನನ್ನ ಚಪ್ಪಲಿಯನ್ನೂ ದಾನ ಎಂದು ತಿಳಿದು, ಒರೆಸಿ, ಒಂದು ದೀಪ ಮತ್ತು ಕಾಫಿ ಪಾತ್ರೆಯ ನಡುವೆ ಅಂದವಾಗಿ ಜೋಡಿಸಿಟ್ಟಿದ್ದರು. ಚೀಟಿ ಕೂಡ ಅಂಟಿಸಿಯಾಗಿತ್ತು.

ಅಷ್ಟರಲ್ಲಿ ಜೀನ್ಸ್ ಪ್ಯಾಂಟು ತೊಟ್ಟ ಹೆಣ್ಣುಮಗಳೊಬ್ಬಳು ಸೈಕಲ್ ಮೇಲೆ ಬಂದು ಇಳಿದಳು. ನಾನು ಆಕೆಗೆ ಸನ್ನೆ ಮಾಡಿ, ಆ ಚಪ್ಪಲಿ ಎತ್ತಿಕೊಡು ತಂಗೀ ಎನ್ನುವಂತೆ ಕೈ ತೋರಿಸಿದೆ. ಶೈಲಾ ನನ್ನ ತೋಳು ಹಿಡಿದು ಜಗ್ಗಿದಳು.

"ಮಾಮಾ, ಇವರs ಈ ಚರ್ಚಿನ ಪಾದ್ರಿ. ಆನ್ನಾ ಅಂತ."

ನಾನು ಕೂಡಲೇ ಸನ್ನೆಯನ್ನು ನಮಸ್ಕಾರ ಮಾಡಿಬಿಟ್ಟೆ. ಶಾಲು ಚೀಲದಲ್ಲೇ ಇತ್ತು. ಕೆಲಸ ಇಷ್ಟು ಸಲೀಸಾಗಿ ಮುಗಿಯಿತಲ್ಲ ಎಂದುಕೊಂಡೆ. ಮೊದಲು ಚಪ್ಪಲಿ, ಆಮೇಲೆ ಲಿಂಗ. ಪಾದ್ರಿ ಆನ್ನಾ ಚಪ್ಪಲಿಯ ಕಥೆ ಕೇಳಿ ಮನಸಾರೆ ನಕ್ಕಳು, ಆದರೆ ಎತ್ತಿಕೊಡಲಿಲ್ಲ.

"ಆ ಟೇಬಲ್ಲು ನನ್ನ ಕೈಯಾಗಿಲ್ಲರಿ" ಎಂದು ಶೈಲಾ ಅನುವಾದಿಸಿದಳು. "ಅದನ್ನ ನೋಡಿಕೊಳ್ಳಾವ್ರು ಹಿಲ್ಡೆ ಅಂತ. ಅವರನ್ನ ಕೇಳಬೇಕ್ರಿ."

ನಮ್ಮಲ್ಲಿ ಮಠದ ಅಜ್ಜಾರು ಕಣ್ಣು ಎತ್ತಿ ನೋಡಿದರೆ ಚಪ್ಪಲಿ ತಾನೇ ನಡೆದು ಬರುತ್ತದೆ. ಇಲ್ಲಿ ಗುರುವಿಗೆ ತನ್ನ ಅಂಗಳದ ಟೇಬಲ್ಲಿನ ಮೇಲೂ ಅಧಿಕಾರವಿಲ್ಲ. ಹಿಲ್ಡೆ ಬಂದಳು. ವಯಸ್ಸು ಎಂಬತ್ತರ ಆಸುಪಾಸು, ಬೆನ್ನು ಗಳುವಿನಂತೆ ನೆಟ್ಟಗೆ. ಚಪ್ಪಲಿ ಯಾಕೆ ಬಿಟ್ಟಿರಿ ಎಂದು ಕೇಳಿದಳು. ದೇವರಿರುವ ಜಾಗ ಅದಕ್ಕೆ ಎಂದೆ. ಆಕೆ ಒಂದು ಕ್ಷಣ ತನ್ನ ಕಪ್ಪು ಬೂಟುಗಳನ್ನು ನೋಡಿಕೊಂಡಳು. ಆಮೇಲೆ ಇನ್ನಿಬ್ಬರು ಹೆಂಗಸರನ್ನು ಕರೆದು, ಮೂವರೂ ತಲೆ ಕೂಡಿಸಿ ವಿಚಾರ ಮಾಡಿ, ಚೀಟಿ ಕಿತ್ತು ಚಪ್ಪಲಿಯನ್ನು ನನ್ನ ಕಾಲ ಬಳಿ ಇಟ್ಟರು.

ಪಾದ್ರಿಯ ಅಡುಗೆಮನೆ

ಮರುದಿನ ಆನ್ನಾ ಮನೆಗೆ ಕರೆದಳು. ಅಡುಗೆಮನೆಯ ಮೇಜಿನ ಮೇಲೆ ತಣ್ಣನೆಯ ಬ್ರೆಡ್ಡು, ಬೆಣ್ಣೆ, ಚೀಸು. ರಾತ್ರಿಯೂಟಕ್ಕೂ ಒಲೆ ಹಚ್ಚದ ಜನ ಅವರು. ನಾನು ಅಕ್ಕ ಕಟ್ಟಿಕೊಟ್ಟ ಶೇಂಗಾ ಚಟ್ನಿ ಬಿಚ್ಚಿದೆ. ಆನ್ನಾ ಅದನ್ನು ಬೆಣ್ಣೆಯ ಮೇಲೆ ಉದುರಿಸಿಕೊಂಡು ತಿಂದು, ಕಣ್ಣಲ್ಲಿ ನೀರು ತುಂಬಿಕೊಂಡು, ಇನ್ನಷ್ಟು ಬೇಕು ಎಂದಳು. ಗಟ್ಟಿ ಹೆಣ್ಣು.

ನಾನು ಬಂದ ಕೆಲಸ ಹೇಳಿದೆ. ಅಕ್ಕನ ಮಾತು, ಲಿಂಗದ ವಿಷಯ ಎಲ್ಲ. ಆನ್ನಾ ಗಮನವಿಟ್ಟು ಕೇಳಿ ಏನೋ ಹೇಳಿ, ಶೈಲಾಳ ಮುಖ ನೋಡುತ್ತ ಕುಳಿತಳು. ಶೈಲಾ ಸ್ವಲ್ಪ ಹೊತ್ತು ಚಮಚದಲ್ಲಿ ಚಹಾ ತಿರುವಿದಳು. ಅನುವಾದ ಬಂದದ್ದು ಆಮೇಲೆ.

"ಇದು ನನ್ನೊಬ್ಬಾಕಿ ಮಾತಿಲೆ ಆಗೂದಲ್ಲರಿ. ಇಲ್ಲಿ ಜನಾ ಸೇರಿ ನನ್ನ ಕರಸಿ, ಈ ಕೆಲಸಾ ಒಪ್ಪಿಸ್ಯಾರ. ಪುಸ್ತಕ ಓದಿ ಹೇಳೂದು, ಮಕ್ಕಳಿಗೆ ದೀಕ್ಷಾಸ್ನಾನ ಮಾಡಸೂದು, ಪ್ರಭುವಿನ ಊಟ ಅಂತ ರೊಟ್ಟಿ, ದ್ರಾಕ್ಷಾರಸ ಬಡಸೂದು. ಪುಸ್ತಕಕ್ಕಿಂತ ನಾ ದೊಡ್ಡಾಕೀನೂ ಅಲ್ಲ, ಜನರಕಿಂತ ಬ್ಯಾರೆ ಜಾತೀನೂ ಅಲ್ಲ. ದೀಕ್ಷಾಸ್ನಾನ ಆದವರೆಲ್ಲಾ ದೇವರ ಮುಂದ ಪಾದ್ರಿಗಳs."

"ಎಲ್ಲಾರೂ ಸ್ವಾಮಿಗಳಾದ್ರ ಕಾಲು ಬೀಳಾವ್ರು ಯಾರ್ರಿ?" ಎಂದು ಕೇಳಿದೆ.

ಆನ್ನಾ ಮತ್ತೆ ನಕ್ಕಳು. ಅದಕ್ಕೇ ಇಲ್ಲಿ ಯಾರೂ ಯಾರ ಕಾಲಿಗೂ ಬೀಳುವುದಿಲ್ಲವಂತೆ. ಶಾಲು ಹೊರ ತೆಗೆಯಲು ಹೋದ ಕೈಯನ್ನು ಚೀಲದೊಳಗೇ ಬಿಟ್ಟೆ.

ದಾರಿಯಲ್ಲಿ ಬರುವಾಗ ಇದನ್ನೇ ಯೋಚಿಸಿದೆ. ನಮ್ಮ ಶರಣರು ಹೇಳಿದ್ದೂ ಹೀಗೇ ಅಲ್ಲವೆ? ಲಿಂಗ ಅವರವರ ಅಂಗೈಯಲ್ಲಿ, ಪೂಜೆ ಅವರವರ ಕೈಯಿಂದ, ನಡುವೆ ಪೂಜಾರಿ ಬೇಡ. ಅಷ್ಟು ಹೇಳಿಸಿಕೊಂಡ ನಾವು ಬೋರು ಕೊರೆಸಲು, ಅಂಗಡಿ ತೆರೆಯಲು, ಸೊಸೆಯನ್ನು ತವರಿಗೆ ಕಳಿಸಲು ಕೂಡ ಅಜ್ಜಾರ ಅಪ್ಪಣೆಗೆ ಸಾಲು ನಿಲ್ಲುತ್ತೇವೆ. ಅಜ್ಜಾರೇ ಬೇಸತ್ತು, ನಿಮಗ ತಿಳಿದಂಗ ಮಾಡ್ರೆಪಾ ಎಂದರೆ, ಆಹಾ ಎಂಥ ಅಪ್ಪಣೆ ಎಂದು ಅದಕ್ಕೊಂದು ಶಾಲು ಹೊದಿಸುತ್ತೇವೆ. ಆ ಶಾಲು ನನ್ನಂಗಡಿಯದೇ ಆದ್ದರಿಂದ ನಾನು ಹೆಚ್ಚು ಆಡಿಕೊಳ್ಳುವಂತಿಲ್ಲ.

ಬಿಷಪ್ಪರ ಊರು

ನಾನು ಹಟ ಹಿಡಿದೆ. ಪಾದ್ರಿಗೆ ಇಲ್ಲದಿದ್ದರೆ ಪಾದ್ರಿಯ ಮೇಲಿನವರಿಗೆ ಅಧಿಕಾರ ಇರಲೇಬೇಕು. ಮೇಲಿನವರು ಯಾರು? ಬಿಷಪ್ಪರು. ಹೆಂಡ್ರಿಕ್ ಭಾನುವಾರ ತನ್ನ ಕಾರಿನಲ್ಲಿ ನಮ್ಮನ್ನು ಅವರಿರುವ ದೊಡ್ಡ ಊರಿಗೆ ಕರೆದೊಯ್ದ. ಮಾತು ಕಡಿಮೆ, ನಗು ಹೆಚ್ಚು ಇರುವ ಹುಡುಗ. ದಾರಿಯುದ್ದಕ್ಕೂ ಆಂಬ್ಯುಲೆನ್ಸ್ ಓಡಿಸುವ ಅಭ್ಯಾಸ ಬಲದಿಂದ ಎದುರಿನ ಕಾರುಗಳು ಸರಿಯುವುದನ್ನೇ ಕಾಯುತ್ತಿದ್ದ.

ಆ ಚರ್ಚು ದೊಡ್ಡದು. ನಾನು ಈ ಸಲ ಚಪ್ಪಲಿ ಬಿಡದೆ ಒಳಗೆ ಹೋದೆ, ದೇವರು ಕ್ಷಮಿಸಲಿ. ಸಂಗೀತ ಬೆನ್ನ ಹಿಂದಿನಿಂದ, ಮಾಳಿಗೆಯ ಮೇಲಿನಿಂದ ಬರುತ್ತಿತ್ತು. ಹಾಡುವವರ ಮುಖ ನೋಡದೆ ಹಾಡು ಕೇಳುವುದು ನನ್ನಿಂದಾಗದ ಕೆಲಸ. ಮತ್ತೆ ಮತ್ತೆ ಹಿಂದಕ್ಕೆ ಹೊರಳಿ ಹೊರಳಿ ಕತ್ತು ಹಿಡಿದುಕೊಂಡಿತು. ಹಿಂದೆ ಕಡೆಯ ಬೆಂಚಿನಲ್ಲಿದ್ದ ಮುದುಕಪ್ಪ ನಾನು ತನ್ನನ್ನೇ ನೋಡುತ್ತಿದ್ದೇನೆ ಎಂದು ತಿಳಿದು ಪ್ರತಿ ಸಲವೂ ತಲೆ ಬಾಗಿಸಿ ವಂದಿಸಿದ.

ಪ್ರಾರ್ಥನೆ ಮುಗಿದ ಮೇಲೆ ಬಿಷಪ್ಪರು ಬಾಗಿಲಲ್ಲಿ ನಿಂತು ಹೊರಗೆ ಹೋಗುವ ಒಬ್ಬೊಬ್ಬರಿಗೂ ಕೈ ಕೊಡುತ್ತಿದ್ದರು. ಎತ್ತರದ ಆಳು, ಕರಿ ನಿಲುವಂಗಿ, ಎದೆಯ ಮೇಲೆ ದೊಡ್ಡ ಬೆಳ್ಳಿ ಶಿಲುಬೆ. ಶಾಲು ಹೊದಿಸಿಕೊಳ್ಳಲೆಂದೇ ಹುಟ್ಟಿದ ಹೆಗಲು. ಮೂವತ್ತು ವರ್ಷ ಶಾಲು ಮಾರಿದವನ ಕಣ್ಣು ಇಂಥದರಲ್ಲಿ ತಪ್ಪುವುದಿಲ್ಲ. ಸಾಲಿನಲ್ಲಿ ನಿಂತು, ನಮ್ಮ ಸರದಿ ಬಂದಾಗ ಶೈಲಾಳ ಬಾಯಿಂದ ಎಲ್ಲವನ್ನೂ ಕೇಳಿಸಿದೆ. ಶಾಲನ್ನು ಅರ್ಧ ಹೊರಗೆ ಎಳೆದುಕೊಂಡೇ ನಿಂತಿದ್ದೆ.

ಬಿಷಪ್ಪರು ನನ್ನ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡೇ ಉತ್ತರಿಸಿದರು.

"ನಾ ಊರೂರು ತಿರಗಿ ಎಲ್ಲಾ ಸರಿ ನಡದೈತೋ ಇಲ್ಲೋ ನೋಡಾವ್ರಿ. ಆ ಪುಸ್ತಕದ ಮ್ಯಾಲೆ ನಾ ಇಲ್ಲ, ಅದರ ಕೆಳಗ ಅದೇನಿ. ನಾಳೆ ನಾ ತಪ್ಪು ಹೇಳಿದ್ರ, ಕಡೀ ಬೆಂಚಿನ್ಯಾಗ ಕುಂತಾವ ಎದ್ದು, ಸ್ವಾಮೀ ಇಲ್ಲಿ ಹಂಗ ಬರದಿಲ್ಲ ಅಂತ ತಗದು ತೋರಸಬಹುದು. ನಿಮ್ಮ ಊರಿನ ಸಭಾದಾಗ ಕೇಳ್ರಿ."

ಸಾಲಿನಲ್ಲಿ ನಮ್ಮ ಹಿಂದೆ ನಿಂತಿದ್ದ ಕಡೀ ಬೆಂಚಿನವನನ್ನು ನೋಡಿದೆ. ಆ ಮುದುಕಪ್ಪ ಮತ್ತೆ ತಲೆ ಬಾಗಿಸಿದ. ಇವನಿಗೂ ಒಂದು ಶಾಲು ಬೇಕಾಗುತ್ತದೆಂದು ನನಗೆ ಹೊಳೆದೇ ಇರಲಿಲ್ಲ.

ಬಿಷಪ್ಪರು ಕೈ ಬಿಡುವ ಮುನ್ನ ಇನ್ನೊಂದು ಮಾತು ಹೇಳಿ, ಆನ್ನಾ ಮಾಡಿದಂತೆಯೇ ಶೈಲಾಳ ಮುಖ ನೋಡಿದರು. ಶೈಲಾ ಅದನ್ನು ಕನ್ನಡಕ್ಕೆ ತರಲಿಲ್ಲ. ಹಿಂದಿನವರು ಕಾಯುತ್ತಿದ್ದಾರೆ ನಡಿ ಎಂದಳು. ಅನುವಾದ ಮಾಡುವವಳನ್ನು ನೋಡದೆ ಇನ್ಯಾರನ್ನು ನೋಡುತ್ತಾರೆ ಎಂದುಕೊಂಡು ನಾನೂ ಮುಂದೆ ಸರಿದೆ.

ಸಭೆ

ಆ ಊರ ಚರ್ಚಿನ ಸಭೆ ಎಂದರೆ ಊರವರೇ ಆರಿಸಿದ ಕೆಲವು ಜನ. ಒಬ್ಬ ರೈತ, ಒಬ್ಬ ಮಾಸ್ತರ, ಆನ್ನಾ, ಇನ್ನು ಮೂರು ನಾಲ್ಕು ಮಂದಿ. ಅಧ್ಯಕ್ಷೆಯ ಕುರ್ಚಿಯಲ್ಲಿ ಯಾರು ಕುಳಿತಿದ್ದಳು ಎಂದರೆ ನನ್ನ ಚಪ್ಪಲಿಯ ಹಿಲ್ಡೆ. ಪಾದ್ರಿಗಿಂತ ಟೇಬಲ್ಲಿನ ಯಜಮಾನಿಯೇ ದೊಡ್ಡವಳು ಎಂದು ಮೊದಲ ದಿನವೇ ತಿಳಿದುಕೊಳ್ಳಬೇಕಿತ್ತು. ನಮ್ಮನ್ನೂ ಗೋಡೆಯ ಬದಿಗೆ ಕೂರಲು ಬಿಟ್ಟರು.

ಕ್ರೈಸ್ತಳಲ್ಲದ ಹುಡುಗಿಗೆ ಚರ್ಚಿನಲ್ಲಿ ಮದುವೆಯ ಪ್ರಾರ್ಥನೆ ನಡೆಸಬಹುದೋ ಬಾರದೋ ಎಂಬುದು ಪ್ರಶ್ನೆ. ಹಿಲ್ಡೆ ಬೇಡ ಎಂದಳು. ಇದು ನಮ್ಮ ಮನೆ, ಇಲ್ಲಿ ಒಬ್ಬನೇ ದೇವರ ಹೆಸರು ಹೇಳುತ್ತೇವೆ, ಸಲುಗೆ ಕೊಟ್ಟರೆ ಆಮೇಲೆ ಯಾವುದು ನಮ್ಮದು ಎಂದು ಗೊತ್ತಾಗುವುದಿಲ್ಲ ಎಂಬುದು ಆಕೆಯ ವಾದ. ಸಿಟ್ಟಿನಿಂದ ಹೇಳಲಿಲ್ಲ. ಆಕೆಯ ದನಿಯಲ್ಲಿ ನಮ್ಮ ಗೌರಕ್ಕನ ದನಿಯೇ ಕೇಳಿಸಿ ನನಗೆ ಆಕೆಯ ಮೇಲೆ ಪ್ರೀತಿ ಹುಟ್ಟಿತು. ಮಾಸ್ತರ ಪುಸ್ತಕ ಬಿಚ್ಚಿದ. ರೈತ ಇನ್ನೊಂದು ಪುಟ ತೆಗೆದ. ಆನ್ನಾ ಮೂರನೆಯದು ಓದಿದಳು. ನಾನು ಇಷ್ಟು ದಿನ ಹುಡುಕುತ್ತಿದ್ದ ದೊಡ್ಡವರು ಈ ಪುಸ್ತಕದ ರೂಪದಲ್ಲಿ ಬಿಸ್ಕೀಟಿನ ತಟ್ಟೆಯ ಪಕ್ಕದಲ್ಲೇ ಕುಳಿತಿದ್ದರು. ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಮಾತು ಹೇಳಿದಂತೆ ಕಂಡರು, ಆದರೂ ಯಾರೂ ಅವರನ್ನು ಬಿಟ್ಟು ಮಾತನಾಡಲಿಲ್ಲ.

ಕೊನೆಗೆ ಮದುವೆಗೆ ಒಪ್ಪುವವರ ಕೈ ಎತ್ತಿಸಿದರು. ಹಿಲ್ಡೆಯೊಬ್ಬಳ ಕೈ ಮೇಜಿನ ಮೇಲೇ ಉಳಿಯಿತು. ಆಕೆ ಎದ್ದು ನಿಂತು, ಮದುವೆ ನಮ್ಮ ಚರ್ಚಿನಲ್ಲಿ ನಡೆಯುತ್ತದೆ ಎಂದು ತಾನೇ ಸಾರಿದಳು. ಕೂತು, ಗಂಟೆ ಬಾರಿಸುವವರು ಯಾರು ಎಂದು ಮುಂದಿನ ಮಾತಿಗೆ ಹೋದಳು. ನಮ್ಮ ಕಡೆ ಅಧ್ಯಕ್ಷರೊಬ್ಬರೇ ಸೋತರೆ ಬೆಳಗಾಗುವುದರೊಳಗೆ ಎರಡು ಕಮಿಟಿ, ಎರಡು ಬ್ಯಾನರು, ಶಾಲು ಎರಡು ಪಟ್ಟು.

ನಾನು ಶಾಲು ಬಿಚ್ಚಿಕೊಂಡು ಹಿಲ್ಡೆಯತ್ತ ನಡೆದೆ. ಇವಳೇ ದೊಡ್ಡವಳು, ಇನ್ನು ಅನುಮಾನವಿಲ್ಲ. ಆಕೆ ಅಂಗೈ ಅಡ್ಡ ಹಿಡಿದು ಬೇಡ ಎಂದಳು. ಹಾಗಾದರೆ ಲಿಂಗದ ವಿಷಯ ಮಾತು ಕೊಡಿ ಎಂದೆ. ಆಕೆ ಏನೋ ಹೇಳಿದಳು. ಮೇಜಿನ ಸುತ್ತ ಕುಳಿತವರೆಲ್ಲ ಒಟ್ಟಿಗೆ ಹೊರಳಿ ಶೈಲಾಳನ್ನು ನೋಡಿದರು.

ಶೈಲಾ ಅನುವಾದ ಮಾಡದೆ ಎದ್ದು ಬಾಗಿಲ ಕಡೆ ನಡೆದಳು.

ಸೇತುವೆಯ ಮೇಲೆ

ಬೇಸಿಗೆಯಲ್ಲಿ ಅಲ್ಲಿ ಸಂಜೆ ಬೇಗ ಮುಗಿಯುವುದಿಲ್ಲ. ಊಟದ ಹೊತ್ತಾದರೂ ಬಿಸಿಲಿತ್ತು. ಮನೆಯ ದಾರಿಯ ಸಣ್ಣ ಸೇತುವೆಯ ಮೇಲೆ ಆಕೆಯನ್ನು ನಿಲ್ಲಿಸಿ ಕೇಳಿದೆ.

"ಎಲ್ಲಾರೂ ನಿನ್ನ ಮಾರಿ ಯಾಕ ನೋಡತಾರ? ನೀ ಏನೋ ಮುಚ್ಚಿಟ್ಟಿ."

"ಹೌದು" ಎಂದಳು. "ಆನ್ನಾ, ಬಿಷಪ್, ಹಿಲ್ಡೆ, ಮೂರೂ ಮಂದಿ ಕೇಳಿದ್ದು ಒಂದs ಮಾತು. ಕೊಳ್ಳು ಆಕಿದು, ಲಿಂಗ ಆಕಿದು, ಆಕಿ ಏನಂತಾಳ?"

"ಮತ್ತ ನನಗ ಯಾಕ ಹೇಳಲಿಲ್ಲ?"

"ಹೇಳಿದ್ರ ನೀನೂ ಕೇಳತಿದ್ದಿ. ಆವಾಗ ನಾ ಏನ್ ಹೇಳಲಿ?" ಆಕೆ ಅಂಗಿಯ ಕಿಸೆಯಿಂದ ಒಂದು ಪುಟ್ಟ ಚೀಲ ತೆಗೆದಳು. ಒಳಗೆ ಬೆಳ್ಳಿಯ ಕರಡಿಗೆ. ಅಕ್ಕ ತಾನೇ ಆಕೆಯ ಕೊರಳಿಗೆ ಕಟ್ಟಿದ ಲಿಂಗ ಅದರೊಳಗಿತ್ತು. "ಡ್ಯೂಟಿ ಮ್ಯಾಲೆ ಕೊಳ್ಳಾಗ ಏನೂ ಹಾಕ್ಕೊಳ್ಳೂ ಹಂಗಿಲ್ಲ ಮಾಮಾ. ರೋಗಿಗೆ ಸೋಂಕು ತಗಲತೈತಿ ಅಂತ. ಬಂದ ದಿನದಿಂದ ಕಿಸೇದಾಗ ಐತಿ. ಪೂಜಾ ತಪ್ಪಿಸಿಲ್ಲ. ಆದ್ರ ಅವ್ವಗ ಹೆಂಗ ಹೇಳಲಿ?"

ನನಗೆ ನಗು ಬಂದುಬಿಟ್ಟಿತು. ಪಾದ್ರಿ, ಬಿಷಪ್ಪು, ಸಭೆ ಯಾರಿಗೂ ಇಲ್ಲದ ಅಧಿಕಾರ ವಾರ್ಡಿನ ಹಿರಿಯ ನರ್ಸಿಗೆ ಇತ್ತು. ಅಕ್ಕನಿಗೆ ಇದು ಗೊತ್ತಾದರೆ ಶಾಲು ಅಲ್ಲಿಗೇ ಕಳಿಸುತ್ತಿದ್ದಳು. ಆದರೆ ಶೈಲಾ ನಗಲಿಲ್ಲ. ಆಕೆಯ ಕಣ್ಣು ತುಂಬಿದ್ದವು.

"ಅವ್ವ ನಿನ್ನ ಇಷ್ಟು ದೂರ ಕಳಿಸ್ಯಾಳ, ಗುರುತಿಲ್ಲದ ಮಂದೀನ ಕೇಳಾಕ. ಒಂದ ಸಲಾ ನನಗ ಕೇಳಲಿಲ್ಲ, ಶೈಲಾ ನೀ ಏನ್ ಮಾಡತಿ ಅಂತ."

ಕೇಳದವರಲ್ಲಿ ನಾನೂ ಒಬ್ಬ. ಮಡಿಲಲ್ಲಿ ಆಡಿಸಿದವನು, ವಾರವಿಡೀ ಪಕ್ಕದಲ್ಲೇ ನಡೆದವನು, ಆಕೆಯ ಬಾಯಿಯನ್ನು ಬೇರೆಯವರ ಮಾತಿಗೆ ಮಾತ್ರ ಬಳಸಿಕೊಂಡಿದ್ದೆ.

"ಈಗ ಕೇಳತೇನಿ" ಎಂದೆ. "ನೀ ಏನ್ ಮಾಡತಿ?"

"ಹಾಕ್ಕೋತೇನಿ. ಅವ್ವ ಹೇಳಿದ್ಲು ಅಂತ ಅಲ್ಲ, ಇವರು ಬಿಟ್ರು ಅಂತಾನೂ ಅಲ್ಲ. ಆವತ್ತು ನನಗ ಡ್ಯೂಟಿ ಇಲ್ಲ, ಅದಕ್ಕ."

ಮದುವೆಯ ಬಾಗಿಲು

ಮದುವೆಯ ದಿನ ಆಕೆ ನನ್ನಂಗಡಿಯ ಇಳಕಲ್ ಸೀರೆ ಉಟ್ಟಿದ್ದಳು. ಕೊರಳಲ್ಲಿ ಶಿವದಾರ, ಎದೆಯ ಮೇಲೆ ಬೆಳ್ಳಿಯ ಕರಡಿಗೆ ಎಲ್ಲರಿಗೂ ಕಾಣುವಂತೆ. ಆನ್ನಾ ಕರಿ ನಿಲುವಂಗಿ ತೊಟ್ಟು, ಜೀನ್ಸಿನವಳು ಇವಳೇ ಎಂದು ನಂಬಲಾಗದಂತೆ ನಿಂತಿದ್ದಳು. ನನಗೆ ಹೆಂಡ್ರಿಕ್ ಹೊಸ ಬೂಟು ಕೊಡಿಸಿದ್ದ. ಮೆಟ್ಟಿಲಿಗೆ ಬಂದರೆ, ಅಲ್ಲಿ ಹಿಲ್ಡೆ ತನ್ನ ಕಪ್ಪು ಬೂಟುಗಳನ್ನು ಬಿಚ್ಚಿ ಗೋಡೆಯ ಬದಿಗೆ ಜೋಡಿಸಿ, ಉಣ್ಣೆಯ ಕಾಲುಚೀಲದಲ್ಲಿ ನೆಟ್ಟಗೆ ನಿಂತಿದ್ದಳು. ಯಾರೂ ಆಕೆಗೆ ಹೇಳಿರಲಿಲ್ಲ. ನಾನು ನನ್ನ ಹೊಸ ಬೂಟು ನೋಡಿಕೊಂಡು, ಅದರ ಲೇಸು ಬಿಚ್ಚಲು ಕೂತೆ.

ಒಳಗೆ ಹೋಗುವ ಮುನ್ನ ಚೀಲದಿಂದ ಶಾಲು ತೆಗೆದೆ. ಮಡಿಕೆ ಬಿಡಿಸಿ ಶೈಲಾಳ ಹೆಗಲಿಗೆ ಹೊದಿಸಿದೆ. ಬೂಟು ಬಿಚ್ಚಿದ ಅವಸರದಲ್ಲಿ ಒಂದು ಅಂಚು ಉದ್ದ, ಒಂದು ಗಿಡ್ಡ ಆಯಿತು. ಹೆಂಡ್ರಿಕ್ ಫೋಟೋ ತೆಗೆದ, ನಾನು ಅದನ್ನು ದೊಡವಾಡಕ್ಕೆ ಕಳಿಸಿದೆ.

ಮೇಲೆ ಗಂಟೆ ಶುರುವಾಯಿತು, ಕೈಯಲ್ಲಿ ಫೋನೂ ಶುರುವಾಯಿತು. ಅಕ್ಕ.

"ತಮ್ಮಾ, ಇದೇನೋ? ಇದು ಶೈಲಾನ ಫೋಟೋ. ಅವರ ದೊಡ್ಡವರು ಎಲ್ಲಿ? ಮಾತು ಯಾರು ಕೊಟ್ರು?"

"ಎಲ್ಲಾರನ್ನೂ ಕೇಳಿದೆ ಅಕ್ಕಾ. ಎಲ್ಲಾರೂ ಆಕೀನs ಕೇಳು ಅಂದ್ರು. ಕೇಳಿದೆ. ಮಾತು ಆಕೀನs ಕೊಟ್ಟಾಳ. ಶಾಲು ಆಕಿಗೇ ಹೊದಿಸೇನಿ."

ಆ ಕಡೆಯಿಂದ ಜೋರು ಉಸಿರು ಕೇಳಿಸಿತು. ಫೋನು ಕಣ್ಣಿನ ಹತ್ತಿರ ಹಿಡಿದು ಫೋಟೋ ನೋಡುತ್ತಿದ್ದಾಳೆ ಎಂದು ನನಗೆ ಗೊತ್ತು, ಹಾಗೆ ನೋಡುವಾಗ ಆಕೆ ಉಸಿರು ಜೋರಾಗಿ ಬಿಡುತ್ತಾಳೆ. ಶೈಲಾ ನನ್ನ ಮುಖವನ್ನೇ ನೋಡುತ್ತಿದ್ದಳು. ಒಳಗೆ ಜನ ಎದ್ದು ನಿಂತು ಕಾಯುತ್ತಿದ್ದರು.

"ಕೊಳ್ಳಾಗ ಐತಿ" ಎಂದಳು ಅಕ್ಕ ಕೊನೆಗೆ, ತನಗೆ ತಾನೇ ಹೇಳಿಕೊಂಡಂತೆ. ಆಮೇಲೆ ಎಂದಿನ ದನಿ ಬಂತು. "ಶಾಲು ವಾರಿ ಆಗೇತಿ. ಇಷ್ಟು ವರ್ಷ ಮಾರಿದಿ, ಹೊದಸಾಕ ಬರಂಗಿಲ್ಲ ನಿನಗ. ಆಕಿ ಕೈಯಾಗ ಫೋನ್ ಕೊಡು, ನಾ ಹೇಳತೇನಿ."

ನಾನು ಫೋನನ್ನು ಶೈಲಾಳ ಕೈಗೆ ಕೊಟ್ಟೆ.